ಚಿದ್ರಿಯಿಂದ ಬಂದ ಜವಾರಿ

ಮೈಲೂರ, ಬೀದರ
೮ ಸೆಪ್ಟೆಂಬರ್ ೨೦೨೪

ಪ್ರಿಯ ಸಿದ್ದಿ,

ನಿಮ್ಮೂರಿನ ಅಂಚೆ ಕಚೇರಿಯ ಕುರ್ಚಿಯಲ್ಲಿ ಕೂತ ಮೊದಲ ದಿನವೇ ನನ್ನಿಂದ ಭಾಷೆ ತೆಗೆದುಕೊಂಡಿದ್ದೆಯಲ್ಲ? ಸಣ್ಣಪುಟ್ಟದ್ದನ್ನು ಫೋನಿನಲ್ಲಿ ಹೇಳು, ದೊಡ್ಡ ಸುದ್ದಿ ಇದ್ದರೆ ಕಾಗದ ಬರಿ, ಇಲ್ಲದಿದ್ದರೆ ನಮ್ಮ ಚೀಲದಲ್ಲಿ ಬ್ಯಾಂಕಿನ ನೋಟಿಸು ಬಿಟ್ಟು ಬೇರೇನೂ ಇರುವುದಿಲ್ಲ ಎಂದು. ತಗೋ ಹಾಗಾದರೆ. ನಮ್ಮ ಮನೆಗೆ ನಾಯಿ ಬರುತ್ತಿದೆ!

ನಗಬೇಡ. ಭಾಲ್ಕಿಯ ಹಾಸ್ಟೆಲಿನಲ್ಲಿದ್ದಾಗ ಓಣಿಯ ನಾಯಿ ಕಂಡರೆ ನಿನ್ನ ಓಢಣಿ ಹಿಡಿದುಕೊಂಡು ನಡೆಯುತ್ತಿದ್ದವಳು ನಾನೇ, ಒಪ್ಪಿದೆ. ಆದರೆ ಮಗಳು ಪ್ರಣಾಲಿಯ ಹಟಕ್ಕೆ ಅವಳಪ್ಪ ಕುಣಾಲ ಕಡೆಗೂ ಸೋತು, ಭಾಲ್ಕಿ ಕಡೆಯ ಒಬ್ಬ ತಳಿ ನಾಯಿ ಮಾರುವವನ ಹತ್ತಿರ ಲ್ಯಾಬ್ರಡಾರ್ ಮರಿಗೆ ಮಾತಾಡಿ ಇಟ್ಟಿದ್ದ. ಹೋದ ಭಾನುವಾರ ಮೂವರೂ ಹೊರಟೆವು. ಮರಿಗಳೇನೋ ಬೆಣ್ಣೆ ಮುದ್ದೆಗಳು. ಒಂದು ಬಂದು ನನ್ನ ಚಪ್ಪಲಿಯ ಬಾರು ಜಗ್ಗಿತು. ನಾನೂ ಕರಗಿದ್ದೆ. ಅಷ್ಟರಲ್ಲಿ ಪ್ರಣಾಲಿ ಕೇಳಿದಳು, "ಅಂಕಲ್, ಇವುರ ಅವ್ವ ಎಲ್ಲಿ ಅದಾಳ?"

ಆತ, "ಅದೇನು ನೋಡ್ತಿ, ಹಿಂದದಾ ಬಿಡವ್ವಾ" ಅಂದ. ನಮ್ಮ ಪ್ರಣಾಲಿ ಬಿಡುವವಳೇ? ಆಗಲೇ ತಗಡಿನ ಶೆಡ್ಡಿನ ಹಿಂದೆ ಓಡಿದ್ದಳು. ನಾನು ಹಿಂದೆಯೇ ಹೋದೆ. ಸಿದ್ದಿ, ಎದ್ದು ನಿಂತರೆ ತಲೆ ತಾಗುವಂಥ ಗೂಡು. ಅದರೊಳಗೆ ಆ ಮರಿಗಳ ತಾಯಿ. ಹೊಟ್ಟೆಯ ಚರ್ಮ ಜೋತುಬಿದ್ದಿತ್ತು, ಮೊಣಕಾಲುಗಳ ಮೇಲೆ ಕೂದಲೇ ಇರಲಿಲ್ಲ. ಈ ವರ್ಷ ಎಷ್ಟನೇ ಸಲ ಈದಿದೆ ಎಂದು ಕುಣಾಲ ಕೇಳಿದಾಗ ಆತ ಬೇರೆ ಮಾತು ತೆಗೆದ. ಪ್ರಣಾಲಿ ಮಾತ್ರ ಸ್ಪಷ್ಟವಾಗಿ ಹೇಳಿದಳು, "ನಂಗ ಮರಿ ಬ್ಯಾಡ. ನಾವು ಒಯ್ದರ ಇವ್ರು ಮತ್ತ ಇದರ ಕಡಿಂದ ಮರಿ ಹಾಕಿಸ್ತಾರ."

ಮನೆಗೆ ಬಂದರೆ ನಮ್ಮತ್ತೆ ಶಾಲುಬಾಯಿ, ಬರಿಗೈ ನೋಡಿ, "ಛಲೋ ಆಯ್ತು, ಉಣ್ಣಲಾಕ ಬರ್ರಿ" ಅಂದರು.

ಮರುದಿನ ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಬಂದ ಒಬ್ಬ ಹುಡುಗಿ ಚಿದ್ರಿಯ ನಾಯಿಗಳ ಆಶ್ರಯ ಮನೆಯ ಸುದ್ದಿ ಹೇಳಿದಳು. ಖುರ್ಷಿದ ಬೇಗಂ ಎಂಬ ನಿವೃತ್ತ ನರ್ಸ್ ತಮ್ಮ ಮನೆಯ ಹಿಂದಿನ ಅಂಗಳದಲ್ಲೇ ನಡೆಸುತ್ತಾರೆ. ಬೀದಿಯಲ್ಲಿ ಪೆಟ್ಟಾದವು, ಯಾರೋ ಬಿಟ್ಟುಹೋದವು, ಮುದಿಯಾದವು ಎಲ್ಲ ಅಲ್ಲಿ. ಇವತ್ತು ಹೋಗಿದ್ದೆವು. ಒಂದು ಹಿಂಡು ನಾಯಿಗಳು ಬಂದು ನಮ್ಮ ಮೇಲೆ ಹಾರಾಡುತ್ತಿದ್ದರೆ ಒಂದು ಮಾತ್ರ ಗೋಡೆಗೆ ಮುಖ ಮಾಡಿ ಕೂತಿತ್ತು. ಬೆಲ್ಲದ ಬಣ್ಣ, ಒಂದು ಕಿವಿ ಮಡಚಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕಾಲಿಗೆ ಗಾಡಿ ಬಡಿದು ಬಿದ್ದಿತ್ತಂತೆ. ಪ್ರಣಾಲಿ ಅದರ ಬೆನ್ನಿಗೆ ಎದುರಾಗಿ ಸುಮ್ಮನೆ ಕೂತಳು. ಬಹಳ ಹೊತ್ತಿನ ಮೇಲೆ ಅದು ಕತ್ತು ತಿರುಗಿಸಿತು. ಅಷ್ಟೇ. ಅಷ್ಟಕ್ಕೇ ನನ್ನ ಮಗಳು ಅತ್ತುಬಿಟ್ಟಳು.

"ಈಟು ನಾಯಿಗೋಳಾಗ ಇದೇ ಬೇಕೇನು?" ಅಂದ ಕುಣಾಲ.

ಖುರ್ಷಿದ ಬೇಗಂ ನಕ್ಕರು. "ಮರಿ ಒಯ್ಯೋರು ಭಾಳ ಮಂದಿ ಬರ್ತಾರ ಬೇಟಾ. ದೊಡ್ಡವಕ್ಕ ಯಾರೂ ಕೇಳಂಗಿಲ್ಲ. ಇಕಿನ್ನ ಒಯ್ದರ ಜರಾ ಸಬೂರಿ ಇರಬೇಕು, ನೋಡ್ರಿ."

ಸಬೂರಿ ತಾನೇ, ಅದೇನು ಮಹಾ! ಬರುವ ವಾರ ಅವರು ನಮ್ಮ ಮನೆ ನೋಡಿ ಹೋಗುತ್ತಾರೆ, ಆಮೇಲೆ ಅವಳು ನಮ್ಮವಳು. ಹೆಸರು ಕೂಡ ಇಟ್ಟಾಯಿತು: ಜವಾರಿ. ಹೇಗಿದೆ?

ನಿನ್ನ
ವಿಶಾಖಾ

*

ಔರಾದ ತಾಲೂಕು
೧೬ ಸೆಪ್ಟೆಂಬರ್ ೨೦೨೪

ವಿಶಾ,

ನಿನ್ನ ಕಾಗದ ತಲುಪಿತು. ನನ್ನ ಕೈಯಾರೆ ನಾನೇ ಠಸ್ಸೆ ಒತ್ತಿಕೊಂಡೆ. ಒಂದಲ್ಲ, ಖುಷಿಗೆ ಎರಡು ಸಲ.

ಒಡೆಯುವಾಗ ನಮ್ಮತ್ತೆ ಗಂಗುಬಾಯಿ ರೊಟ್ಟಿ ತಂದಿದ್ದರು. "ಏನ್ ಬರದಾಳ? ಜೋರ್ಲೆ ಓದು" ಅಂದರು. ಪಿಂಚಣಿಗೆ ಬಂದಿದ್ದ ನಾಲ್ಕು ಮಂದಿಯೂ ಕಿವಿಗೊಟ್ಟರು. ಗೂಡಿನ ತಾಯಿ ನಾಯಿಯ ಭಾಗ ಬಂದಾಗ ಒಬ್ಬ ಅಜ್ಜಿ ಮಾರಾಟಗಾರನಿಗೆ ಬೈದ ಬೈಗುಳ ಸರಕಾರಿ ಕಚೇರಿಯಲ್ಲಿ ಕೇಳಬಾರದಂಥದು. ಕೊನೆಗೆ ಎಲ್ಲರದೂ ಒಂದೇ ಪ್ರಶ್ನೆ, "ನಾಯಿ ತರಲಾಕ ಮಂದಿ ಹೋಗ್ತಾರ? ನಮ್ಮೂರಾಗ ನಾಯಿಗೋಳೇ ಬರ್ತಾವಲ್ಲ!"

ನಮ್ಮ ಮನೆಯಲ್ಲೂ ಈಗ ನಾಯಿಯದೇ ಮಾತು. ಕುರಿ ಕಾಯುತ್ತಿದ್ದ ನಮ್ಮ ಮುದಿ ನಾಯಿ ಶ್ರಾವಣದಲ್ಲಿ ತೀರಿಕೊಂಡಿತು. ಅದು ಹೋದದ್ದು ತೋಳಕ್ಕೆ ಹೇಗೆ ತಿಳಿಯಿತೋ, ಎರಡು ಸಲ ಬಂದು ಕುರಿಮರಿ ಎತ್ತಿಕೊಂಡು ಹೋಯಿತು. ನನ್ನ ಯಜಮಾನರು ಓಂಪ್ರಕಾಶ ಅದಕ್ಕೇ ಉದ್ದ ಕಾಲಿನ ಬೇಟೆ ತಳಿಯ ಮರಿ ಕೊಳ್ಳಲು ಹೇಳಿ ಬಂದಿದ್ದಾರೆ. ಅದೂ ಭಾಲ್ಕಿ ಕಡೆಯೇ. ನಿನ್ನ ಕಾಗದ ಕೇಳಿದ ಮೇಲೆ ಮಾವ ಹಣಮಂತಪ್ಪನವರು ಊಟ ಅರ್ಧಕ್ಕೇ ಬಿಟ್ಟರು.

ಜವಾರಿ ಬಂದಳೋ? ಬಾಲ ಅಲ್ಲಾಡಿಸಿದಳೋ? ಜಲ್ದಿ ಬರಿ. ಇಲ್ಲಿ ಜನ ಕೇಳುತ್ತಿದ್ದಾರೆ.

ಸಿದ್ದೇಶ್ವರಿ

*

ಮೈಲೂರ, ಬೀದರ
೨೬ ಸೆಪ್ಟೆಂಬರ್ ೨೦೨೪

ಪ್ರಿಯ ಸಿದ್ದಿ, ಮತ್ತು ಅಂಚೆ ಕಚೇರಿಯಲ್ಲಿ ಕೂತಿರುವ ಎಲ್ಲರಿಗೂ,

ಬಂದಳು! ಅಯ್ಯುಬ ಭಾಯಿಯ ಆಟೋದಲ್ಲಿ, ಪ್ರಣಾಲಿ ಹೊದೆಯುತ್ತಿದ್ದ ಹಳೆಯ ದುಪಟಿಯ ಮೇಲೆ ಕೂತು, ಮೈಲೂರಿಗೆ ಮೆರವಣಿಗೆಯಂತೆ ಬಂದಳು. ಓಣಿಯವರೆಲ್ಲ ಬಾಗಿಲಿಗೆ ಬಂದರು. ಎದುರು ಮನೆಯವರು ಕೇಳಿದರು, "ಯಾವ ಜಾತಿ ನಾಯಿರಿ?"

ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ, "ನಮ್ಮ ಮನ್ಯಾಗ ಜಾತಿ ಕೇಳೋ ರೂಢಿ ಇಲ್ಲರಿ. ಹೆಸರು ಕೇಳ್ರಿ, ಹೇಳ್ತೇನಿ" ಅಂದರು. ಸಿದ್ದಿ, ಆ ಮುಖ ನೀನು ನೋಡಬೇಕಿತ್ತು! ನಾಯಿಯೇ ಬೇಡ ಅಂದಿದ್ದವರು ಅವರು.

ಜವಾರಿಗೆ ಮನೆ ಬಹಳ ಹಿಡಿಸಿದೆ. ಮಂಚದ ಕೆಳಗಿನ ಜಾಗವಂತೂ ಅಚ್ಚುಮೆಚ್ಚು. ಅನ್ನ ಹಾಲು ಚೆನ್ನಾಗಿ ತಿನ್ನುತ್ತಾಳೆ. ಪ್ರಣಾಲಿ ಸಾಲಿಯಿಂದ ಬಂದರೆ ಓಡಿ ಬರುತ್ತಾಳೆ. ಬಾಲ ಅಲ್ಲಾಡಿಸುತ್ತಾಳೆ, ಹೌದು. ಎಲ್ಲರಿಗೂ ಹೇಳು. ನಿಮ್ಮ ಕುರಿಗಳಿಗೂ ತಳಿ ಮರಿಯೇ ಯಾಕೆ ಬೇಕು? ಚಿದ್ರಿಗೆ ಬಂದು ನೋಡಿ!

ನಿನ್ನ
ವಿಶಾ

*

ಔರಾದ ತಾಲೂಕು
೬ ಅಕ್ಟೋಬರ್ ೨೦೨೪

ವಿಶಾ,

ಏನು ಕಾಗದ ಬರೆದೆ ಮಾರಾಯ್ತಿ! ಮೂರು ಸಲ ಓದಿಸಿದರು. ಜಾತಿ ಕೇಳುವ ರೂಢಿ ಇಲ್ಲ ಎಂಬ ಮಾತಿಗೆ ನಮ್ಮತ್ತೆ ಕೈ ಮುಗಿದು, "ಶಾಲುಬಾಯಿಗೆ ನನ್ನ ಶರಣು ಬರಿ" ಅಂದರು. ಬರೆದಿದ್ದೇನೆ.

ಈಗ ನನ್ನ ಸುದ್ದಿ. ನಿನ್ನೆ ಮಾವ ಮಗನನ್ನು ಕರೆದು, "ಆ ಭಾಲ್ಕಿಯವಗ ಬ್ಯಾಡ ಅಂತ ಹೇಳಿಬಿಡು. ಆ ಬೀದರ ಬಾಯಿ ಕಾಗದದಾಗ ಬರದಾಳಲ್ಲ, ಅಂಥಾದ್ದೊಂದು ನಮಗೂ ನೋಡು" ಅಂದರು. ಓಂಪ್ರಕಾಶ ಫೋನ್ ಮಾಡಿ ಬೇಡ ಅಂದೇಬಿಟ್ಟರು! ದೀಪಾವಳಿ ಮುಗಿಸಿ ನಾವೆಲ್ಲ ಬೀದರಿಗೆ ಬರುತ್ತೇವೆ. ಮೊದಲು ನಿಮ್ಮ ಮನೆಗೆ, ಜವಾರಿಯನ್ನು ನೋಡಲು. ಆಮೇಲೆ ಚಿದ್ರಿಗೆ. ಊರವರೂ ಇಬ್ಬರು ಬರುತ್ತಾರಂತೆ.

ಪ್ರಣಾಲಿ ಬಂದರೆ ಓಡಿ ಬರುತ್ತಾಳಲ್ಲ, ಹಾಗೆ ನಾನು ಬಂದರೂ ಬರುವಳೇ?

ಸಿದ್ದೇಶ್ವರಿ

*

ಮೈಲೂರ, ಬೀದರ
೧೫ ಅಕ್ಟೋಬರ್ ೨೦೨೪

ಸಿದ್ದಿ,

ಮರಿಯನ್ನು ಬೇಡ ಅನ್ನಬೇಡಿ. ಅಂದಿದ್ದರೆ ಮತ್ತೆ ಬೇಕು ಅನ್ನಿ. ನಿಮಗೆ ತೋಳದ ಕಾಟವಿದೆ, ನನ್ನ ಮಾತಿನ ಮೇಲೆ ಕುರಿ ಹಿಂಡು ನಿಲ್ಲಿಸಬೇಡಿ.

ಜವಾರಿ ಓಡಿ ಬರುವುದಿಲ್ಲ. ಬಾಲ ಅಲ್ಲಾಡಿಸಿಲ್ಲ. ಬಂದ ದಿನ ಮಂಚದ ಕೆಳಗೆ ಹೋದವಳು ಅಲ್ಲೇ ಇದ್ದಾಳೆ. ನಾವೆಲ್ಲ ಕೋಣೆಯಿಂದ ಹೊರಗೆ ಬಂದ ಮೇಲೆ ತಿನ್ನುತ್ತಾಳೆ, ಯಾರ ಕೈಯಿಂದಲೂ ಅಲ್ಲ. ಮಂಚದ ಪಕ್ಕ ಪ್ರಣಾಲಿ ಚಿತ್ರ ಬಿಡಿಸುತ್ತ ಕೂರುತ್ತಾಳೆ, ಇವಳು ಗೋಡೆ ನೋಡುತ್ತಾಳೆ. ಹೋದ ಬುಧವಾರ ಕುಣಾಲ ಜಾರಿದ ದುಪಟಿ ಸರಿಪಡಿಸಲು ಕೈ ಚಾಚಿದ, ಕಚ್ಚಿದಳು. ಬಹಳ ಅಲ್ಲ, ಆದರೆ ರಕ್ತ ಬಂತು. ಇಂಜೆಕ್ಷನ್ ನಡೆಯುತ್ತಿದೆ. "ಇಕಿಗೆ ನಮ್ಮ ಮನಿ ಬ್ಯಾಡಾಗ್ಯಾದ ವಿಶಾಖಾ. ಜುಲ್ಮಿ ಮಾಡಿ ಇಟ್ಕೊಂಡರ ಅದು ಪ್ರೀತಿ ಹ್ಯಾಂಗ ಆಗ್ತದ?" ಅನ್ನುತ್ತಾನೆ. ಅವನು ಕೆಟ್ಟದಾಗಿ ಹೇಳುತ್ತಿಲ್ಲ. ಅದೇ ನನಗೆ ಕಷ್ಟ.

ಹೋದ ಕಾಗದದಲ್ಲಿ ಬರೆದದ್ದು ಆಗಬೇಕೆಂದು ನಾನು ಬಯಸಿದ್ದು. ನಿಮ್ಮ ಕಚೇರಿಯಲ್ಲಿ ಅಷ್ಟು ಜನ ಕಾದಿದ್ದಾರೆಂದು ತಿಳಿದ ಮೇಲೆ ಮಂಚದ ಕೆಳಗಿನ ಎರಡು ಕಣ್ಣುಗಳ ಬಗ್ಗೆ ಮಾತ್ರ ಬರೆಯಲು ಕೈ ಬರಲಿಲ್ಲ.

ಇದನ್ನು ಜೋರಾಗಿ ಓದಬೇಡ.

ವಿಶಾ

*

ಔರಾದ ತಾಲೂಕು
೨೩ ಅಕ್ಟೋಬರ್ ೨೦೨೪

ವಿಶಾ,

ಜೋರಾಗಿ ಓದಬೇಡ ಎಂಬ ಮಾತನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಎಲ್ಲ ಓದಿ ಮುಗಿದಿತ್ತು.

ಹೆದರಬೇಡ. ಯಾರೂ ನಗಲಿಲ್ಲ. ಬದಲಿಗೆ ಎಲ್ಲರೂ ವೈದ್ಯರಾದರು. ಒಬ್ಬರು ಬೆಲ್ಲ ಹಾಕಿ ಅಂದರೆ ಇನ್ನೊಬ್ಬರು ಬೆಲ್ಲ ಮಾತ್ರ ಬೇಡ ಅಂದರು. ಪಿಂಚಣಿಗೆ ಬಂದಿದ್ದ ಕಾಶೀರಾಮ ಕಾಕಾ ಮಂಚವನ್ನೇ ಎತ್ತಿಬಿಡಿ ಅಂದರು. ನಮ್ಮತ್ತೆ, "ಮಂಚದ ಕೆಳಗ ಅಕಿಗಿ ನೆರಳದ. ಇರ್ಲಿ ಬಿಡ್ರಿ, ಯಾರ ಗಂಟೇನು ಹೋಗ್ತದ?" ಅಂದರು. ಜಗಳವೇ ಹತ್ತಿ, ಅಂದು ಕಚೇರಿ ಮುಚ್ಚುವುದು ತಡವಾಯಿತು.

ಭಾಲ್ಕಿಯ ಮರಿ ಬೇರೆಯವರಿಗೆ ಹೋಯಿತಂತೆ. ಇರಲಿ, ನಾವು ಚೆನ್ನಾಗಿದ್ದೇವೆ. ಮಾವನೂ ಚೆನ್ನಾಗಿದ್ದಾರೆ.

ಒಂದು ಮಾತು ಹೇಳಲೇ? ನಿಮಗೆ ಜವಾರಿ ಭಾರವಾಗಿದ್ದರೆ ನಮಗೆ ಕೊಡು. ಇಲ್ಲಿ ಬಯಲಿದೆ, ಕುರಿಗಳಿವೆ. ಗೋಡೆ ನೋಡುವ ಪ್ರಮೇಯವೇ ಇಲ್ಲ, ಗೋಡೆಗಳೇ ಕಮ್ಮಿ. ಹೇಗೂ ವಾಪಸು ಬಿಡುವ ಯೋಚನೆ ಇದೆಯಲ್ಲ. ಬಂದಾಗ ಕರೆದುಕೊಂಡು ಬರುತ್ತೇವೆ.

ಸಿದ್ದೇಶ್ವರಿ

*

ಮೈಲೂರ, ಬೀದರ
೨೯ ಅಕ್ಟೋಬರ್ ೨೦೨೪

ಸಿದ್ದೇಶ್ವರಿ ಪೋಸ್ಟ್‌ಮಾಸ್ತರರಿಗೆ,

ವಾಪಸು ಬಿಡುವ ಯೋಚನೆ ಇದೆ ಎಂದು ನಿನಗೆ ಯಾರು ಹೇಳಿದರು? ಕುಣಾಲ ಹೇಳಿದ, ನಾನಲ್ಲ. ಭಾರವಾಗಿದ್ದಾಳೆ ಎಂದು ಎಲ್ಲಿ ಬರೆದಿದ್ದೇನೆ, ಸಾಲು ತೋರಿಸು. ಈ ಕಾಗದವನ್ನು ಬೇಕಾದರೆ ಊರ ಚಾವಡಿಯಲ್ಲಿ ನಿಂತು ಜೋರಾಗಿ ಓದು: ಜವಾರಿಯನ್ನು ಕೊಡುವುದಿಲ್ಲ. ಅವಳು ವರ್ಷಗಟ್ಟಲೆ ಮಂಚದ ಕೆಳಗಿದ್ದರೂ ನಮ್ಮ ಮಂಚದ ಕೆಳಗೇ ಇರುತ್ತಾಳೆ.

ನಿನ್ನ ಕಾಗದ ಓದುವವರೆಗೂ ನನಗಿದು ಗೊತ್ತಿರಲಿಲ್ಲ. ಅದಕ್ಕಾಗಿ ಥ್ಯಾಂಕ್ಸ್. ಕೋಪ ಮಾತ್ರ ಇನ್ನೂ ಇದೆ.

ನಮ್ಮ ಬೌದ್ಧರ ಮನೆಯಲ್ಲಿ ದೀಪಾವಳಿ ಇಲ್ಲ, ಗೊತ್ತಲ್ಲ. ಓಣಿಯಲ್ಲಿ ಇದೆ. ಆಗಲೇ ಒಂದೊಂದು ಪಟಾಕಿ ಸದ್ದು ಬರುತ್ತಿದೆ. ಕಿಟಕಿಗಳಿಗೆ ಕಂಬಳಿ ಕಟ್ಟುತ್ತಿದ್ದೇನೆ.

ವಿಶಾಖಾ

*

ಔರಾದ ತಾಲೂಕು
೧೧ ನವೆಂಬರ್ ೨೦೨೪

ವಿಶಾ,

ಹಬ್ಬವಾಗಿ ಇಷ್ಟು ದಿನವಾಯಿತು. ನಿನ್ನ ಕಾಗದವಿಲ್ಲ. ಫೋನ್ ಮಾಡಿದರೆ ಕುಣಾಲ ಎತ್ತಿ, "ಹೊರಗ ಹೋಗ್ಯಾಳರಿ, ಆಮ್ಯಾಲ ಮಾಡ್ತಾಳ" ಅಂದರು. ಎರಡನೇ ಸಲವೂ ಅದೇ. ಹಿಂದೆ ಗಾಳಿಯ ಸದ್ದು, ಬಯಲಿನಲ್ಲಿ ನಿಂತವರ ಹಾಗೆ.

ನಾನು ಕೇಳಬಾರದಿತ್ತು. ಕೋಪ ಇಳಿದ ಮೇಲೆ ಒಂದು ಸಾಲು ಬರಿ.

ಸಿದ್ದಿ

*

ಔರಾದ ತಾಲೂಕು
೧೯ ನವೆಂಬರ್ ೨೦೨೪

ವಿಶಾ,

ಜವಾರಿಯನ್ನು ಯಾಕೆ ಕೇಳಿದೆ ಎಂದು ಹೇಳಿಬಿಡುತ್ತೇನೆ. ಮಾವ ಚೆನ್ನಾಗಿದ್ದಾರೆ ಎಂದು ಬರೆದೆನಲ್ಲ, ಚೆನ್ನಾಗಿರಲಿಲ್ಲ. ನಾಯಿ ಇಲ್ಲದ ಮೇಲೆ ಸಂಜೆ ಹಿಂಡಿನ ಸುತ್ತ ಅವರೇ ಕೋಲು ಹಿಡಿದು ತಿರುಗುತ್ತಿದ್ದರು. ತೋಳ ಕಂಡು ಓಡಿ, ಬದುವಿನಿಂದ ಬಿದ್ದು ಬಲಗೈ ಮುರಿಯಿತು. ಕುರಿಮರಿಗಳೂ ಹೋದವು. ನಿನ್ನ ಮಾತು ಕೇಳಿ ತಳಿ ಮರಿ ಬಿಟ್ಟೆವಲ್ಲ ಎಂದು ನೀನು ಕೊರಗುತ್ತೀ ಅಂತ ಬರೆಯಲಿಲ್ಲ. ಮರಿ ತಂದಿದ್ದರೂ ಅದು ತೋಳಕ್ಕೆ ಎದುರು ನಿಲ್ಲಲು ಇನ್ನೂ ವರ್ಷ ಬೇಕಿತ್ತು. ನಿನ್ನ ತಪ್ಪೇನಿಲ್ಲ.

ಮಾವ ಮಾತ್ರ ಇನ್ನೂ ಒಂದೇ ಕೇಳುತ್ತಾರೆ. "ಆ ಬಾಯಿದು ಕಾಗದ ಬಂತೇನು? ಆ ನಾಯಿ ಹೊರಗ ಬಂತೇನು?"

ಸಿದ್ದಿ

*

ಮೈಲೂರ, ಬೀದರ
೨೪ ನವೆಂಬರ್ ೨೦೨೪

ಸಿದ್ದಿ, ಸಿದ್ದಿ,

ಬಂತು ಅಂತ ಹೇಳು! ಹೊರಗೆ ಬಂತು, ಬಂತು ಅಂತ ನಿಮ್ಮ ಮಾವನಿಗೆ ಹೇಳು! ನಿಧಾನವಾಗಿ ಬರೆಯುತ್ತೇನೆ, ನಿಲ್ಲು, ಕೈ ಓಡುತ್ತಿದೆ. ಇದನ್ನು ಎಲ್ಲರಿಗೂ ಓದು, ಒಂದು ಅಕ್ಷರ ಬಿಡಬೇಡ.

ಕೋಪ ಅಲ್ಲವೇ ಅಲ್ಲ. ಹಬ್ಬದ ಸಂಜೆ ಎದುರು ಮನೆಯವರು ಚಕ್ಕುಲಿ ಉಂಡಿಯ ಫರಾಳ ತಟ್ಟೆ ಕೊಡಲು ಬಂದರು. ಬಾಗಿಲು ತೆರೆದ ಹೊತ್ತಿಗೇ ಗೇಟಿನ ಬುಡದಲ್ಲಿ ಯಾರೋ ಸರ ಪಟಾಕಿ ಹಚ್ಚಿದರು. ಮಂಚದ ಕೆಳಗಿಂದ ಕಂದು ಬಣ್ಣದ್ದೇನೋ ನನ್ನ ಕಾಲಿಗೆ ಬಡಿದು ಹಾದುಹೋಯಿತು. ಅಷ್ಟೇ ಕಂಡದ್ದು. ಜವಾರಿ ಹೋಗಿಬಿಟ್ಟಳು.

ಅವಳನ್ನು ಹಿಂತಿರುಗಿಸೋಣ ಅನ್ನುತ್ತಿದ್ದ ಕುಣಾಲ ಬರಿಗಾಲಲ್ಲಿ ಓಡಿದ. ಮೈಲೂರ ಪೂರ್ತಿ ಹುಡುಕಿ, ಚಿದ್ರಿಗೆ ಹೋಗಿ, ಅಲ್ಲಿಗೂ ಬಂದಿಲ್ಲ ಎಂದು ತಿಳಿದಾಗ ಅವನ ಮುಖ ನೋಡಲಾಗಲಿಲ್ಲ. ನಾನು, "ನಿನಗೇನು, ಬ್ಯಾಡಾಗಿತ್ತಲ್ಲ" ಅಂದುಬಿಟ್ಟೆ. ಅವನು, "ಬ್ಯಾಡ ಅಂದಿದ್ದು ನಮ್ಮ ಮನ್ಯಾಗ ಇದ್ದಾಗ. ಈಗ ನಮ್ಮದು ಕಳದ್ಹೋಗ್ಯಾದ" ಅಂದು ಮತ್ತೆ ಗಾಡಿ ಹತ್ತಿದ. ಖುರ್ಷಿದ ಬೇಗಂ ಬೈಯಲಿಲ್ಲ. ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತರು. ಅಯ್ಯುಬ ಭಾಯಿ ಊರಿನ ಆಟೋದವರಿಗೆಲ್ಲ ಫೋಟೋ ಕಳಿಸಿದರು. ಪ್ರಣಾಲಿ ಚಿತ್ರ ಬರೆದು ಕಂಬಕಂಬಕ್ಕೆ ಅಂಟಿಸಿದಳು. ನಿನ್ನ ಫೋನ್ ಬಂದಾಗಲೆಲ್ಲ ನಾನು ಪಕ್ಕದಲ್ಲೇ ಇದ್ದೆ. ನಿಮ್ಮೂರಿಗೆಲ್ಲ ನಾಯಿ ಆಸೆ ಹಚ್ಚಿದವಳು ತನ್ನದನ್ನೇ ಕಳೆದುಕೊಂಡೆ ಎಂದು ಹೇಳಲು ಬಾಯಿ ಬರಲಿಲ್ಲ.

ಕಡೆಗೆ ಕಮಠಾಣ ಹಳ್ಳಿಯಿಂದ ಕರೆ ಬಂತು. ಕಬ್ಬಿನ ಗದ್ದೆಯಲ್ಲಿ ಮಡಚಿದ ಕಿವಿಯ ನಾಯಿಯೊಂದು ಅಡಗಿದೆಯೆಂದು. ಅವಳೇ! ಆದರೆ ಕುಣಾಲ ಕಂಡರೆ ಒಳಗೆ, ನಾನು ಕಂಡರೆ ಒಳಗೆ, ಪ್ರಣಾಲಿ ಕರೆದರೆ ಇನ್ನೂ ಒಳಗೆ. ರೊಟ್ಟಿ ಇಟ್ಟು ಬರುವುದು, ಮರುದಿನ ಖಾಲಿ ತಟ್ಟೆ ತರುವುದು. ಹೀಗೇ ಆಯಿತು. ಕಬ್ಬು ಕಡಿಯುವವರು ಬರುತ್ತಾರೆ ಎಂದು ಗದ್ದೆಯವರು ಹೇಳಿದಾಗ ನಮಗೆ ದಿಕ್ಕು ತೋಚಲಿಲ್ಲ. ಅಷ್ಟು ಮಂದಿ ಕುಡುಗೋಲು ಹಿಡಿದು ಇಳಿದರೆ ಅವಳು ಎಲ್ಲಿಗೆ ಓಡುತ್ತಾಳೋ!

ಆಗ ಅತ್ತೆ, "ನನ್ನ ಕರಕೊಂಡು ನಡೀರಿ" ಅಂದರು.

"ನೀ ಬಂದು ಏನ್ ಮಾಡ್ತಿ ಅವ್ವಾ? ಮೊಣಕಾಲು ನೋವದ" ಅಂದ ಕುಣಾಲ.

"ಪೇಪರ್ ಓದ್ತೇನಿ" ಅಂದರು.

ಆಗಷ್ಟೇ ನಮಗೆ ಗೊತ್ತಾದದ್ದು. ನಾವೆಲ್ಲ ಹೊರಗೆ ಹೋದ ಮೇಲೆ, ಮಧ್ಯಾಹ್ನ, ಅತ್ತೆ ಆ ನೋವಿನ ಮೊಣಕಾಲು ಮಡಚಿ ಮಂಚದ ಪಕ್ಕ ನೆಲದ ಮೇಲೆ ಕೂತು ಜವಾರಿಗೆ ದಿನಪತ್ರಿಕೆ ಓದಿ ಹೇಳುತ್ತಿದ್ದರು. ಯಾಕೆ ಹೇಳಲಿಲ್ಲ ಎಂದರೆ, "ನಾಯಿ ಬ್ಯಾಡ ಅಂದಾಕಿ ನಾನು. ನಿಮ್ಮ ಮುಂದ ಹ್ಯಾಂಗ ಹೇಳ್ಲಿ?"

ಅಯ್ಯುಬ ಭಾಯಿಯ ಆಟೋದಲ್ಲಿ ಕಮಠಾಣಕ್ಕೆ ಹೋದೆವು. ಗದ್ದೆಯ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ನಮ್ಮನ್ನೆಲ್ಲ ದೂರ ಅಟ್ಟಿ, ಅತ್ತೆ ಕನ್ನಡಕ ಏರಿಸಿದರು. ಮೊದಲು ಹವಾಮಾನ. ಆಮೇಲೆ ತೊಗರಿ ಧಾರಣೆ. ಆಮೇಲೆ ಯಾವುದೋ ಊರಿನ ಕುಡಿಯುವ ನೀರಿನ ಸಮಸ್ಯೆ, ಸಂಸತ್ತು, ಕ್ರಿಕೆಟ್ಟು. ಅವಸರವಿಲ್ಲದ, ಮನೆಯ ಆ ದನಿ. ಕಬ್ಬಿನ ಗರಿ ಅಲ್ಲಾಡಿತು. ಮೂತಿ ಕಂಡಿತು. ಒಳಗೆ ಹೋಯಿತು. ಅತ್ತೆ ತಲೆಯೆತ್ತಲೇ ಇಲ್ಲ, ಹಾಳೆ ತಿರುವಿದರು. ಮತ್ತೆ ಮೂತಿ, ಆಮೇಲೆ ಕತ್ತು, ಆಮೇಲೆ ಮುಳ್ಳು ಹತ್ತಿದ ಮೈ. ತೆವಳುತ್ತ ಬಂದವಳು ಕುರ್ಚಿಯ ಸುತ್ತ ಒಂದು ಸುತ್ತು ಹಾಕಿ, ಅತ್ತೆಯ ಪಾದದ ಮೇಲೆ ಗದ್ದ ಊರಿ ಮಲಗಿಬಿಟ್ಟಳು. ಸಿದ್ದಿ, ಬಾಲ! ಬಾಲ ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ! ಪ್ರಣಾಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಲ್ಲೇ ಕುಣಿಯುತ್ತಿದ್ದಳು. ಕುಣಾಲ ಬೇಲಿಗೆ ಒರಗಿ ಅಳುತ್ತಿದ್ದ. ಅತ್ತೆ ಆ ಪುಟ ಮುಗಿಸಿಯೇ ಎದ್ದರು.

ಈಗ ಅವಳು ಮಂಚದ ಕೆಳಗಿಲ್ಲ. ಅತ್ತೆಯ ಹಾಸಿಗೆಯ ಬಳಿ ಇದ್ದಾಳೆ. ನಿನ್ನೆ ನನ್ನ ಅಂಗೈಯಿಂದ ಒಂದು ತುತ್ತು ತಿಂದಳು. ಈ ಸಲ ಇರುವುದನ್ನಷ್ಟೇ ಬರೆಯುತ್ತಿದ್ದೇನೆ.

ಆ ಭಾಲ್ಕಿಯ ಗೂಡಿನ ತಾಯಿಯ ಸುದ್ದಿಯೂ ಇದೆ. ಖುರ್ಷಿದ ಬೇಗಂ ಪಶುವೈದ್ಯರನ್ನು ಕರೆದುಕೊಂಡು ಹೋಗಿ, ಇನ್ನು ಈಯಲಾರದು ಎಂದು ವಾದಿಸಿ ಅದನ್ನು ಬಿಡಿಸಿ ತಂದರು. ಭಾಲ್ಕಿಯ ನಿವೃತ್ತ ಮಾಸ್ತರರೊಬ್ಬರು ಸಾಕಿಕೊಂಡಿದ್ದಾರೆ.

ನಿಮ್ಮ ಮಾವನ ಕೈ! ನೀನು ಹೀಗೆ ಮುಚ್ಚಿಡಬಾರದಿತ್ತು. ನಾನೂ ಮುಚ್ಚಿಟ್ಟೆ, ಸರಿ. ಭಾನುವಾರ ಬನ್ನಿ. ಖುರ್ಷಿದ ಬೇಗಂ ಕಾಯುತ್ತಿದ್ದಾರೆ.

ಜೈಭೀಮ.

ನಿನ್ನ
ವಿಶಾ

*

ಔರಾದ ತಾಲೂಕು
೧೦ ಡಿಸೆಂಬರ್ ೨೦೨೪

ವಿಶಾ,

ಆ ಭಾನುವಾರ ನಿಮ್ಮ ಮನೆಯಲ್ಲಿ ಉಂಡ ಊಟದ ರುಚಿ ಇನ್ನೂ ಬಾಯಲ್ಲಿದೆ. ಜವಾರಿ ನನ್ನ ಹತ್ತಿರ ಓಡಿ ಬರಲಿಲ್ಲ ನಿಜ, ಆದರೆ ಬಾಗಿಲ ಮರೆಯಿಂದ ಒಂದು ಕಣ್ಣಿನಲ್ಲಿ ನೋಡಿದಳು. ಸಾಕು.

ಆಶ್ರಯ ಮನೆಯಲ್ಲಿ ಮಾವ ಆ ದೊಡ್ಡ ಕರಿ ನಾಯಿಯ ಮುಂದೆ ಕೂತದ್ದು ನಿನಗೆ ನೆನಪಿದೆಯಲ್ಲ. ಖುರ್ಷಿದ ಬೇಗಂ, "ಇವನ ದನಿ ನಾ ಒಂದು ದಿನ ಕೇಳಿಲ್ಲರಿ. ಬೊಗಳಂಗೇ ಇಲ್ಲ. ಕುರಿ ಕಾಯ್ಲಾಕ ಇವ ಯಾಕ?" ಅಂದರೂ ಮಾವ, "ಇರ್ಲಿರಿ, ನಂದೂ ಕೈ ಇಲ್ಲ, ಇವಂದೂ ಬಾಯಿ ಇಲ್ಲ. ಜೋಡಿ ಆಗ್ತದ" ಎಂದು ಕರೆತಂದರಲ್ಲ. ಹೆಸರು ಜಮಾದಾರ ಎಂದಿಟ್ಟಿದ್ದಾರೆ.

ಜಮಾದಾರನ ಪ್ರತಾಪ ಕೇಳು. ಬಂದ ಮೊದಲ ಬೆಳಿಗ್ಗೆಯೇ ಟಗರು ಗುದ್ದಿತು. ಅಂದಿನಿಂದ ಟಗರು ಕಂಡರೆ ಮಾವನ ಹಿಂದೆ ನಿಲ್ಲುತ್ತಾನೆ. ಮರಿಗಳ ದೊಡ್ಡಿಯಲ್ಲಿ ಮಲಗುತ್ತಾನೆ, ಮರಿಗಳು ಅವನ ಮೇಲೆ ಹತ್ತಿ ಇಳಿಯುತ್ತವೆ. ಬೊಗಳುವುದು ಬಿಡು, ಗುರ್ ಎಂದೂ ಅನ್ನುವುದಿಲ್ಲ. ಊರವರು ತಮಾಷೆ ಮಾಡುತ್ತಾರೆ. ಓಂಪ್ರಕಾಶ ಗುಟ್ಟಾಗಿ ಮತ್ತೆ ಬೇಟೆ ತಳಿಯ ಮಾತು ತೆಗೆದಿದ್ದಾರೆ. ತೋಳ ಈ ಕಡೆ ಸುಳಿದಾಡುತ್ತಲೇ ಇದೆ. ನನಗೂ ಭಯವಿದೆ ವಿಶಾ, ಈ ಸಲ ಮುಚ್ಚಿಡುವುದಿಲ್ಲ.

ಸಿದ್ದಿ

*

ಮೈಲೂರ, ಬೀದರ
೧೭ ಡಿಸೆಂಬರ್ ೨೦೨೪

ಸಿದ್ದಿ,

ಚಿಕ್ಕ ಕಾಗದ. ಜವಾರಿ ಪಕ್ಕದಲ್ಲಿ ಕೂತು ಪೆನ್ನಿಗೆ ಮೂತಿ ಹಚ್ಚುತ್ತಿದ್ದಾಳೆ, ಮಸಿ ಕಲೆ ಅವಳದೇ.

ಸಬೂರಿ ಇಡಿ ಎಂದು ನಾನು ಹೇಳಲಾರೆ. ಮುರಿದ ಕೈ ನಿಮ್ಮ ಮನೆಯದು, ಹೋದ ಮರಿಗಳು ನಿಮ್ಮವು. ಜಮಾದಾರ ಕುರಿ ಕಾಯದಿದ್ದರೆ ಖುರ್ಷಿದ ಬೇಗಂ ವಾಪಸು ಕರೆದುಕೊಳ್ಳುತ್ತಾರೆ, ಬೇಸರ ಮಾಡುವುದಿಲ್ಲ. ಕೇಳಿದ್ದೇನೆ. ಓಂಪ್ರಕಾಶರ ಮೇಲೆ ನನಗೆ ಕೋಪವಿಲ್ಲ ಎಂದು ಹೇಳು.

ಎಳ್ಳಮವಾಸ್ಯೆಗೆ ನಿಮ್ಮ ಹೊಲಕ್ಕೆ ಬರುತ್ತೇವೆ. ಅತ್ತೆ ಸಜ್ಜೆ ಕಡಬು ಮಾಡಿ ತರುತ್ತಾರಂತೆ. ಯಾರ್ಯಾರು ಇರುತ್ತಾರೋ ಅವರೊಂದಿಗೆ ಉಣ್ಣೋಣ.

ವಿಶಾ

*

ಔರಾದ ತಾಲೂಕು
೨೬ ಡಿಸೆಂಬರ್ ೨೦೨೪

ವಿಶಾ!

ಇವತ್ತಿನ ಚೀಲಕ್ಕೇ ಇದನ್ನು ಹಾಕುತ್ತಿದ್ದೇನೆ. ಎಳ್ಳಮವಾಸ್ಯೆಯ ಒಳಗೆ ತಲುಪಿದರೆ ನನ್ನ ಇಲಾಖೆಯ ಪುಣ್ಯ. ಫೋನಿನಲ್ಲಿ ಹೇಳಬಾರದೆಂದು ಬೆಳಗಿನಿಂದ ಬಾ‌ಯಿ ಬಿಗಿಹಿಡಿದಿದ್ದೇನೆ. ಇದು ಕಾಗದದ ಸುದ್ದಿ.

ನಿನ್ನೆ ಸಂಜೆ ಹೊತ್ತು ಇಳಿಯುವಾಗ ಮಾವ ಹಿಂಡು ತಿರುಗಿಸುತ್ತಿದ್ದರು. ನಾನು ಕಚೇರಿ ಮುಚ್ಚಿ ಚಹಾ ಒಯ್ದಿದ್ದೆ. ತೊಗರಿ ಹೊಲದ ಅಂಚಿನಲ್ಲಿ ಬೂದಿ ಬಣ್ಣದ ಬೆನ್ನು ಕಂಡಿತು. ಒಂದಲ್ಲ, ಎರಡು. ಮಾವ ಒಂದೇ ಕೈಯಲ್ಲಿ ಕೋಲು ಎತ್ತಿದರು. ಹಿಂಡು ಚದುರತೊಡಗಿತು. ಆಗ ನಮ್ಮ ಹಿಂದಿನಿಂದ ಒಂದು ಸದ್ದು ಬಂತು. ನಾನು ಟ್ರ್ಯಾಕ್ಟರ್ ಅಂದುಕೊಂಡೆ. ಖರೇ ವಿಶಾ, ಹಾಗೇ ಇತ್ತು, ತುಕ್ಕು ಹಿಡಿದದ್ದು ಶುರುವಾಗಲು ಒದ್ದಾಡುವ ಹಾಗೆ. ತಿರುಗಿ ನೋಡಿದರೆ ಜಮಾದಾರ! ಮರಿಗಳ ಮುಂದೆ ನಾಲ್ಕೂ ಕಾಲು ಊರಿ ನಿಂತು ಬೊಗಳುತ್ತಿದ್ದಾನೆ! ಮೊದಲ ಎರಡು ಬೊಗಳು ಅವನಿಗೇ ಹೆದರಿಕೆ ತಂದವು, ಆ ಕಡೆ ಈ ಕಡೆ ನೋಡಿದ. ಮೂರನೆಯದು ಗುಡುಗು. ಓಡಿ ಹೋಗಿ ತೋಳದ ಮೇಲೆ ಬೀಳಲಿಲ್ಲ, ಅಂಥ ಶೂರನಲ್ಲ ಅವನು. ಮರಿಗಳನ್ನು ಬಿಟ್ಟು ಕದಲಲೂ ಇಲ್ಲ. ಕುರಿಗಳು ಅವನ ಹಿಂದೆ ಒತ್ತಾಗಿ ನಿಂತವು. ಟಗರು ಕೂಡ! ಊರಿನ ನಾಯಿಗಳೆಲ್ಲ ದನಿಗೂಡಿಸಿದವು. ಓಂಪ್ರಕಾಶ ಕೋಲು ಹಿಡಿದು ಓಡಿ ಬರುವಷ್ಟರಲ್ಲಿ ಬೂದಿ ಬೆನ್ನುಗಳು ತೊಗರಿಯಲ್ಲಿ ಕರಗಿಹೋಗಿದ್ದವು.

ಮಾವ ಅಲ್ಲೇ ನೆಲಕ್ಕೆ ಕೂತು ಅವನ ಕತ್ತು ತಬ್ಬಿ, "ದನಿ ಇತ್ತಲ್ಲೋ ನಿನ್ನ ಬಾಯಾಗ! ಎಲ್ಲಿ ಮುಚ್ಚಿಟ್ಟಿದ್ದಿ ಮಗನ?" ಅಂದರು. ಓಂಪ್ರಕಾಶ ಮನೆಗೆ ಹೋಗಿ ತಮ್ಮ ರೊಟ್ಟಿಯನ್ನೇ ತಂದು ಹಾಕಿದರು.

ಬೆಳಿಗ್ಗೆ ಖುರ್ಷಿದ ಬೇಗಂ ಅವರಿಗೆ ಮಾತ್ರ ಫೋನ್ ಮಾಡಿದೆ. ಅವರಿಗೆ ಹೇಳದೆ ಇರಲಾಗಲಿಲ್ಲ. ಈಗ ಜಮಾದಾರನಿಗೆ ಬೊಗಳುವುದೆಂದರೆ ಹೊಸ ಆಟಿಕೆ ಸಿಕ್ಕ ಹಾಗೆ. ಕಾಗೆಗೆ, ಕೊಡಕ್ಕೆ, ನಮ್ಮತ್ತೆಯ ಸೀರೆಗೆ, ಎಲ್ಲಕ್ಕೂ ಒಂದೊಂದು. ನಾನು ಏನೂ ಹೇಳದೆ ಫೋನನ್ನು ಅವನ ಮುಂದೆ ಹಿಡಿದೆ. ಆ ಕಡೆಯಿಂದ ಖುರ್ಷಿದ ಬೇಗಂ ಸಣ್ಣ ದನಿಯಲ್ಲಿ, "ಯಾರದು?" ಅಂದರು.

"ನಿಮ್ಮ ಕರಿಯ ಇದ್ದನಲ್ರಿ, ಅವನೇ."

"ಅಲ್ಲಾ! ಅವನ ದನಿ ಹಿಂಗದಾ?" ಅಂದವರು ಅಂಗಳಕ್ಕೆ ಓಡಿದ್ದು ನನಗೆ ಕೇಳಿಸಿತು. "ಅರೇ ಬರ್ರಿ, ಎಲ್ಲಾರೂ ಜಲ್ದಿ ಬರ್ರಿ! ನಮ್ಮ ಹುಡುಗ ಮಾತಾಡ್ಲತ್ತಾನ!"

ಅವರು ಫೋನ್ ಇಡಲಿಲ್ಲ. ಜಮಾದಾರನೂ ನಿಲ್ಲಿಸಲಿಲ್ಲ.

ಸಿದ್ದಿ